ಬಿಳಿಮರದ ತಂಬೂರಿ

ಮುದ್ದೇಬಿಹಾಳದ ವಾಚಕರೊಬ್ಬರು ಪತ್ರ ಬರೆದಿದ್ದಾರೆ. ಊರಿನ ಬಡಿಗರೊಬ್ಬರ ನೆರವು ಪಡೆದು, ಎಂಟು ತಿಂಗಳು ದುಡಿದು, ತಮ್ಮ ಕೈಯಾರೆ ಒಂದು ಗಿಟಾರನ್ನು ಮಾಡಿಕೊಂಡಿದ್ದಾರಂತೆ. ಮರಗೆಲಸವೆಲ್ಲ ಮುಗಿದಿದೆ, ಮೈಗೆ ಮಾತ್ರ ಇನ್ನೂ ಬಣ್ಣವಿಲ್ಲ. ಅದಕ್ಕೆ ಬಣ್ಣ ಕೊಟ್ಟು ಮೆರುಗು ತರುವ ಬಗೆ ಹೇಗೆ, ಪೇಟೆಯ ವಾರ್ನಿಶು ಬಳಿದರೆ ಸಾಲದೇ ಎಂಬುದು ಅವರ ಪ್ರಶ್ನೆ. ಕನ್ನಡ ಪಾಠ ಹೇಳುವವನನ್ನು ಇಂಥ ಪ್ರಶ್ನೆ ಕೇಳುವುದೇ ಎಂದು ಉಳಿದವರು ನಗಬಹುದು. ಆದರೆ ಹಿಂದೊಮ್ಮೆ ಈ ಪುಟದಲ್ಲಿ ನಮ್ಮ ಮನೆಯ ತಂಬೂರಿಯ ಮಾತು ಬಂದುದನ್ನು ಅವರು ನೆನಪಿಟ್ಟಿದ್ದಾರೆ. ಅಂದು ನಾನು ಹೇಳದೆ ಉಳಿಸಿದ ಸಂಗತಿಯೊಂದಿದೆ: ವಾರ್ನಿಶು ಬಳಿದು ಆ ತಂಬೂರಿಯನ್ನು ಮೂಕವಾಗಿಸಿದವನು ನಾನೇ.

ಅದನ್ನು ಮಾಡಿದವರು ನನ್ನ ತಂದೆಯವರು. ಇಂಡಿ ತಾಲೂಕಿನಲ್ಲಿ ಭೀಮೆಯ ದಂಡೆಯ ಮೇಲಿರುವ ನಮ್ಮ ಹಳ್ಳಿಯಲ್ಲಿ, ಒಕ್ಕಲುತನದ ನಡುವೆ ಬಿಡುವಾದಾಗಲೆಲ್ಲ ಕುಳಿತು ಕೆತ್ತಿದ ವಾದ್ಯ. ಸೋರೆಯ ಬುರುಡೆಯನ್ನು ಪಂಢರಪುರದ ಕಡೆಯಿಂದ ತಂದಿದ್ದರು. ಮಿರಜದ ಹೆಸರಾಂತ ತಂಬೂರಿಗಳಿಗೂ ಬುರುಡೆ ಆ ಸೀಮೆಯಿಂದಲೇ ಬರುತ್ತದೆ. ಅಲ್ಲಿ ಹರಿದ ಹೊಳೆಯೇ ಮುಂದೆ ನಮ್ಮೂರಿಗೂ ಬರುತ್ತದೆ. ತಂತಿ ಕಟ್ಟಿ ಒಂದು ವಾರ ನುಡಿಸಿದರು. ದನಿ ಬಂತು, ಇನ್ನು ಬಣ್ಣ ಎಂದು ತಂತಿ ಬಿಚ್ಚಿಟ್ಟರು. ಬಣ್ಣ ಹಚ್ಚುವ ಮೊದಲೇ ತೀರಿಕೊಂಡರು.

ಮೂರು ವರ್ಷಗಳ ಮೇಲೆ, ಬೇಸಗೆಯ ರಜೆಯಲ್ಲಿ, ಅದನ್ನು ಸಿಂದಗಿಯ ನಮ್ಮ ಮನೆಗೆ ತಂದೆ. ಅಂಗಡಿಯೊಂದರಲ್ಲಿ ಅತ್ಯಂತ ಹೊಳಪಿನದೆಂದು ಕೊಟ್ಟ ದಪ್ಪ ವಾರ್ನಿಶನ್ನು ಕೊಂಡು ನಾಲ್ಕು ಸಲ ಬಳಿದೆ. ಮದುವೆಮನೆಯ ಹೊಸ ಬಾಗಿಲಿನಂತೆ ಅದು ಹೊಳೆಯಿತು. ತಂದೆಯವರ ತಮ್ಮ, ಊರಿನ ಭಜನೆಯಲ್ಲಿ ನಲವತ್ತು ವರ್ಷ ತತ್ತ್ವಪದ ಹಾಡಿದ ನಮ್ಮ ಕಾಕಾ, ಬಂದು ತಂತಿ ಕಟ್ಟಿ ಮೀಟಿದರು. ಮತ್ತೊಮ್ಮೆ ಮೀಟಿದರು. ಬಳಿಕ ತಂಬೂರಿಯನ್ನು ಮೆಲ್ಲನೆ ಕೆಳಗಿಟ್ಟು, "ತಮ್ಮಾ, ಭಾಳ ಛಂದ ಕಾಣ್ತದ. ಆದ್ರ ಇದು ಮಾತಾಡವಲ್ದಲ್ಲೋ" ಎಂದರು. ಆ ಒಂದು ವಾರದ ದನಿಯನ್ನು ಕೇಳಿ ನೆನಪಿಟ್ಟವರು ಈಗ ಅವರೊಬ್ಬರೇ.

ವಾದ್ಯ ಮಾತಾಡುವುದೆಂದರೆ ಹಳ್ಳಿಗರ ಅಲಂಕಾರವೆಂದು ತಿಳಿಯಬೇಡಿ. 1580ರಿಂದ 1627ರ ವರೆಗೆ ವಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮನುಷ್ಯರಿಗೆ ಇಡುವಂತೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಅವನು ತಂಬೂರಿ ಹಿಡಿದು ನುಡಿಸುವ ಚಿತ್ರವೊಂದು ಇಂದಿಗೂ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಜಿಲ್ಲೆಯ ನೀರಿನಲ್ಲಿಯೇ ಈ ಗುಣವಿದ್ದೀತು.

ಕಾಕಾ ಹೇಳಿದ್ದರ ಕಾರಣ ಸರಳವಾದದ್ದು. ಬುರುಡೆಯ ಬಾಯಿ ಮುಚ್ಚುವ ತೆಳು ಹಲಗೆಗೆ ತಬಲಿ ಎನ್ನುತ್ತಾರೆ. ತಂತಿಯ ನಡುಕ ಕುದುರೆಯ ಮೂಲಕ ತಬಲಿಗಿಳಿದು, ತಬಲಿಯೇ ನಡುಗಿದಾಗ ನಾದ ಹುಟ್ಟುತ್ತದೆ. ಅದರ ಮೇಲೆ ದಪ್ಪನೆಯ ಪೊರೆ ಕೂತರೆ ಭಾರ ಹೆಚ್ಚುತ್ತದೆ. ಒಳಗೆ ಮೆತ್ತಗೆ ಉಳಿಯುವ ವಾರ್ನಿಶಾದರೆ ನಡುಕವನ್ನೂ ನುಂಗುತ್ತದೆ. ಗಿಟಾರಿನ ಮುಂಬದಿಯ ಹಲಗೆಯಂತೂ ಸುಮಾರು 3 ಮಿಲಿಮೀಟರು ಮಾತ್ರ. ಅಷ್ಟು ತೆಳುವಾಗಿಸಲು ಪತ್ರ ಬರೆದ ಮಿತ್ರರು ಎಷ್ಟು ದಿನ ಹೆರೆದರೋ! ಅದನ್ನು ಒಂದು ಡಬ್ಬಿಯ ಕೈಗೆ ಒಪ್ಪಿಸಬಾರದು.

ಬಳಿದದ್ದನ್ನು ಒಡೆದ ಗಾಜಿನ ಚೂರಿನಿಂದ ಹೆರೆದು ತೆಗೆಯಲು ಹದಿನೈದು ದಿನ ಹಿಡಿಯಿತು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿಸೆಂದು ಕೂಡಲಸಂಗಮನನ್ನು ಬೇಡುವ ವಚನವನ್ನು ನಾನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ. ಅದರಲ್ಲಿ ದಂಡಿಗೆಯುಂಟು, ಸೋರೆಯುಂಟು, ತಂತಿಯುಂಟು. ಮೆರುಗಿನ ಮಾತೇ ಇಲ್ಲ. ಇದು ಹೊಳೆದದ್ದು ಗಾಜಿನ ಚೂರು ಹಿಡಿದು ಕೂತಾಗ. ಹೆರೆಯುತ್ತಿದ್ದಂತೆ ತಂದೆಯವರು ಕುದುರೆಯ ಸ್ಥಾನಕ್ಕೆಂದು ಎಳೆದಿದ್ದ ಪೆನ್ಸಿಲಿನ ಗೆರೆಗಳೂ ಅಳಿಸಿಹೋದವು. ಅಳತೆಯನ್ನು ಬರೆದಿಟ್ಟುಕೊಳ್ಳುವ ಬುದ್ಧಿ ನನಗೆ ಮೊದಲು ಬರಲಿಲ್ಲ.

ಹಾಗಾದರೆ ಹಚ್ಚುವುದೇನನ್ನು? ಅರಗನ್ನು. ಮಿರಜದಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಆಯುಧಗಳ ಕಾಲ ಮುಗಿದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ತಂತಿವಾದ್ಯಗಳ ಕೆಲಸಕ್ಕೆ ಕೈಹಾಕಿದರು. ಅಲ್ಲಿಯ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಆ ಊರಿನಲ್ಲಿ ಬಣ್ಣದ ಮೇಲೆ ಅರಗಿನ ತೆಳುಮೆರುಗು ಕೊಡುವುದು ಹಳೆಯ ರೂಢಿ. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ರೆಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಅಂಟೇ ಅರಗು. ಇಟಲಿಯ ಸ್ಟ್ರಾಡಿವರಿಯ ವಾದ್ಯಗಳಲ್ಲಿ ಏನೋ ಗುಪ್ತಲೇಪನವಿದೆಯೆಂದು ಲೋಕ ಬಹುಕಾಲ ನಂಬಿತ್ತು. 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಂಡದ್ದು ಎಣ್ಣೆ, ಮರದ ರಾಳ, ಒಂದಿಷ್ಟು ಕೆಂಬಣ್ಣ, ಇಷ್ಟೇ.

ಮೊದಲು ಮರವನ್ನು ಎಳೆಯ ಗುಂಟ ಪಾಲಿಶ್ ಪೇಪರಿನಿಂದ ತಿಕ್ಕಬೇಕು. ಅಡ್ಡ ತಿಕ್ಕಿದರೆ ಗೀರುಗಳು ಬಣ್ಣ ಕುಡಿದು ಕರಿಗೆರೆಗಳಾಗುತ್ತವೆ. 120ನೆಯ ನಂಬರಿನಿಂದ ತೊಡಗಿ 180, 240 ದಾಟಿ 320ಕ್ಕೆ ನಿಲ್ಲಿಸಿ. ಆಮೇಲೆ ತೇವದ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ ಮರದ ನವಿರು ನಿಮಿರುತ್ತದೆ. ಅದನ್ನು ಹಗುರಾಗಿ ತಿಕ್ಕಿಬಿಡಿ. ಇದೇ ಹೊತ್ತಿನಲ್ಲಿ ಅಂಟು ಒಸರಿದ ಕಲೆಗಳನ್ನೂ ಹುಡುಕಿ ತೆಗೆಯಬೇಕು. ಅಂಟಿದ್ದ ಕಡೆ ಮರ ಬಣ್ಣ ಹಿಡಿಯದೆ ತೊನ್ನಿನಂತೆ ಕಾಣುತ್ತದೆ. ಬಣ್ಣಕ್ಕೆ ನಾನು ಬಳಸಿದ್ದು ಎಲೆಯಡಿಕೆಯ ಕಾಚು. ನೀರಿನಲ್ಲಿ ಕುದಿಸಿ ಸೋಸಿದರೆ ಕೆಂಪುಗಂದು ಬಣ್ಣ ಬರುತ್ತದೆ. ಅರಿಸಿನವೂ ಚೆಲುವೇ, ಆದರೆ ಬಿಸಿಲಿಗೆ ಹಾರಿಹೋಗುತ್ತದೆ. ಯಾವುದೇ ಆಗಲಿ, ಮೊದಲು ಅದೇ ಮರದ ತುಂಡಿನ ಮೇಲೆ ನೋಡಿಕೊಳ್ಳಿ.

ಅರ್ಧ ಲೀಟರು ಸ್ಪಿರಿಟ್ಟಿಗೆ ಸುಮಾರು 60 ಗ್ರಾಂ ಅರಗು ಸಾಕು. ಗಾಜಿನ ಸೀಸೆಯಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ. ಒಲೆ, ದೀಪ, ಬೀಡಿ ಯಾವುದೂ ಹತ್ತಿರವಿರಬಾರದು, ಕಿಟಕಿಗಳು ತೆರೆದಿರಬೇಕು. ಪಾಂಡವರಿಗೆಂದು ಕೌರವರು ಕಟ್ಟಿಸಿದ ಮನೆ ಯಾವುದರದೆಂಬುದು ತಮಗೆ ಗೊತ್ತೇ ಇದೆ. ಹಳೆಯ ಧೋತರದ ತುಂಡಿನಲ್ಲಿ ಹತ್ತಿಯಿಟ್ಟು ಗಂಟು ಮಾಡಿ, ಅದನ್ನು ಅರಗಿನಲ್ಲಿ ತೋಯಿಸಿ ಹಿಂಡಿ, ನಿಲ್ಲಿಸದೆ ಕೈಯಾಡಿಸುತ್ತ ಹೋಗಬೇಕು. ನಿಂತಲ್ಲಿ ಗಂಟು ಹಿಡಿದುಕೊಳ್ಳುತ್ತದೆ. ಅದು ಜಾರಲೆಂದು ಒಂದೇ ಹನಿ ಕುಸುಬಿ ಎಣ್ಣೆ ಸವರಿದೆ. ಅದು ತಾನಾಗಿ ಒಣಗುವ ಎಣ್ಣೆ, ಚಿತ್ರಕಾರರೂ ಬಣ್ಣ ಕಲಸಲು ಬಳಸುತ್ತಾರೆ. ಒಂದೊಂದು ಪದರವೂ ಉಸಿರು ತಾಗಿದಷ್ಟು ತೆಳುವಾಗಿರಬೇಕು. ನಮ್ಮ ವೈಶಾಖದ ಬಿಸಿಲಿನಲ್ಲಿ ಸ್ಪಿರಿಟ್ಟು ಕೈಯೆತ್ತುವ ಮೊದಲೇ ಆರುತ್ತದೆ, ಮಳೆಗಾಲದಲ್ಲಿ ಅರಗು ಬೂದಿ ಹಚ್ಚಿದಂತೆ ಬೆಳ್ಳಗಾಗುತ್ತದೆ. ಆದುದರಿಂದ ಮಾಘದ ತನಕ ಕಾದು, ದಿನಕ್ಕೆ ಎರಡು ಸಲದಂತೆ ಎಂಟು ದಿನ ಹಚ್ಚಿದೆ. ಹದಿನೈದು ದಿನ ಮುಟ್ಟದೆ ಇಟ್ಟೆ.

ಕಾಕಾ ಬಂದಾಗ ಗೆರೆಗಳು ಹೋದ ಸಂಗತಿಯನ್ನು ಅಳುಕುತ್ತಲೇ ಹೇಳಿದೆ. "ನಮ್ಮಣ್ಣ ಗೆರಿ ಹೊಡದಿದ್ದು ಕುದುರಿ ಇಡೂ ಸಲುವಾಗಿ. ಕುದುರಿ ಇಟ್ಟ ಮ್ಯಾಲ ಗೆರಿ ಯಾಕ ಬೇಕು?" ಎಂದರು. ಕುದುರೆಯನ್ನು ನೂಲಿನಷ್ಟು ಅತ್ತ ಇತ್ತ ಸರಿಸುತ್ತ, ಒಂದೊಂದು ಸಲವೂ ಮೀಟಿ ಕಣ್ಣುಮುಚ್ಚಿ ಕೇಳುತ್ತ, ಮಧ್ಯಾಹ್ನದ ಊಟವನ್ನೂ ಮರೆತು ಕೂತರು. ಸಂಜೆಗೆ ಕೈ ನಿಂತಿತು. ಏನೂ ಹೇಳಲಿಲ್ಲ, ಹಾಡತೊಡಗಿದರು.

ಈ ಸೌಲಭ್ಯ ಗಿಟಾರಿಗಿಲ್ಲವೆಂಬುದನ್ನು ಮುದ್ದೇಬಿಹಾಳದ ಮಿತ್ರರು ಮರೆಯಬಾರದು. ತಂಬೂರಿಗೆ ಮೆಟ್ಟುಗಳಿಲ್ಲ, ಕುದುರೆ ಸ್ವಲ್ಪ ಸರಿದರೂ ನಡೆಯುತ್ತದೆ. ಗಿಟಾರಿನ ಮೆಟ್ಟುಗಳು ಲೆಕ್ಕ ಹಾಕಿ ಕೂರಿಸಿದವು. ಕುದುರೆ ತುಸು ತಪ್ಪಿದರೂ ಸ್ವರ ಕೆಡುತ್ತದೆ. ಪಾಲಿಶ್ ಪೇಪರು ಮುಟ್ಟುವ ಮೊದಲೇ ಅಳತೆ ಬರೆದಿಟ್ಟುಕೊಳ್ಳಿ. ಕುದುರೆ ಕೂರುವ ಜಾಗಕ್ಕೆ ಕಾಗದ ಅಂಟಿಸಿ ಬರಿಮರವಾಗಿಯೇ ಉಳಿಸಿ, ಏಕೆಂದರೆ ಮೆರುಗಿನ ಮೇಲೆ ಅಂಟು ನಿಲ್ಲದು. ಬೆರಳಾಡುವ ಪಟ್ಟಿಗೂ ಅರಗು ಬೇಡ, ಎಣ್ಣೆ ಒರೆಸಿದರೆ ಸಾಕು. ಅರಗಿನ ಪೊಟ್ಟಣ ನನ್ನಲ್ಲಿ ಅರ್ಧ ಉಳಿದಿದೆ. ಮಾಘಕ್ಕೆ ಮುನ್ನ ಒಂದು ಭಾನುವಾರ ಸಿಂದಗಿಗೆ ಬಂದರೆ ಕೊಡುತ್ತೇನೆ. ಗಿಟಾರನ್ನೂ ತನ್ನಿ, ಕಾಕಾ ನೋಡಬೇಕಂತೆ.