ಗಾಳಿಯ ಲೆಕ್ಕಕ್ಕೂ ತಿದ್ದುಪಡಿ ಬೇಕು

ಸತ್ತವನ ಹೆಸರಿನಲ್ಲಿಯೇ ನಿಂತ ಖಾತೆಯಿಂದ ಎಷ್ಟು ವ್ಯಾಜ್ಯಗಳು ಹುಟ್ಟುವುವೆಂಬುದನ್ನು ಗ್ರಾಮದ ಯಜಮಾನರಿಗೂ ಹಿಡುವಳಿದಾರರಿಗೂ ವಿವರಿಸಬೇಕಾದುದಿಲ್ಲ. ಜಮೀನು ಭಾಗವಾಗಿ, ಬೆಳೆ ಬದಲಾಗಿ, ಪಹಣಿ ಮಾತ್ರ ಹಳೆಯದಾಗಿಯೇ ಉಳಿದರೆ, ಲೆಕ್ಕಿಗನು ಎಷ್ಟೇ ಚತುರನಾಗಿದ್ದರೂ ಅವನ ಮೊತ್ತವು ತಪ್ಪುವುದು. ಗಾಳಿಯ ಶುದ್ಧಾಶುದ್ಧಗಳನ್ನು ಗಣಿಸಿ ಮುಂಚಿತವಾಗಿ ತಿಳಿಸುವ ಕಂಪ್ಯೂಟರ್ ಮಾದರಿಗಳಿಗೂ ಇದೇ ನ್ಯಾಯವು ಸಲ್ಲುತ್ತದೆ.

ಇಂತಹ ಮಾದರಿಯು ವಾಯುಮಂಡಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕಕ್ಕೂ ಎಷ್ಟು ಹೊಗೆ ಸೇರಿತು, ಗಾಳಿಯು ಅದನ್ನು ಎತ್ತ ಒಯ್ದಿತು, ಬಿಸಿಲು ತೇವಗಳಿಂದ ಅದು ಏನಾಗಿ ಮಾರ್ಪಟ್ಟಿತು ಎಂಬುದನ್ನು ಎಣಿಸುತ್ತದೆ. ದೆಹಲಿಗಾಗಿ ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು ಇತರರೊಡಗೂಡಿ ರಚಿಸಿದ ಮುನ್ನೆಚ್ಚರಿಕೆಯ ವ್ಯವಸ್ಥೆಯು 2018ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅದರ ಚೌಕವು ನಗರದ ಮೇಲೆ 400 ಮೀಟರಿನಷ್ಟು ಸೂಕ್ಷ್ಮವಾದುದು. ಆದರೆ ಒಲೆ, ವಾಹನ, ಕಾರ್ಖಾನೆ, ಹೊಲಗಳಿಂದೇಳುವ ಹೊಗೆಯ ಪಟ್ಟಿಯೇ ಈ ಗಣಿತಕ್ಕೆ ಆಧಾರ. ಪಟ್ಟಿ ತಪ್ಪಿದರೆ ಚೌಕದ ಸೂಕ್ಷ್ಮತೆಯಿಂದ ಪ್ರಯೋಜನವಿಲ್ಲ.

ಈ ಪಟ್ಟಿಯು ಬಹು ಬೇಗನೆ ಹಳತಾಗುವುದು. 2018ರ ಅಕ್ಟೋಬರಿನಲ್ಲಿ ದೆಹಲಿಯ ಬದರ್‌ಪುರದ ವಿದ್ಯುತ್ ಸ್ಥಾವರವು ಮುಚ್ಚಲ್ಪಟ್ಟಿತು. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ 6ರ ನಿಯಮವು ದೇಶದಲ್ಲೆಲ್ಲಾ ಜಾರಿಗೆ ಬಂದಿತು. ಇವನ್ನು ಅರಿಯದ ಪಟ್ಟಿಯು ಇಲ್ಲದ ಚಿಮಣಿಯ ಹೊಗೆಯನ್ನು ಎಣಿಸಿ, ಇರುವುದನ್ನು ಬಿಟ್ಟೀತು.

ಹೊಲಗಳ ಬಾಬಿನಲ್ಲಿ ತೊಡಕು ಇನ್ನೂ ಹೆಚ್ಚು. ಅಂತರ್ಜಲದ ರಕ್ಷಣೆಗಾಗಿ ಪಂಜಾಬಿನಲ್ಲಿ 2009ರಲ್ಲಿ ಮಾಡಿದ ಕಾನೂನಿನಿಂದ ಭತ್ತದ ನಾಟಿಯು ತಡವಾಯಿತು. ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವಣ ಅವಧಿಯು ಕಿರಿದಾಗಿ, ಕೂಳೆಗೆ ಬೆಂಕಿಯಿಡುವ ಕಾಲವು ಗಾಳಿ ಮಂದವಾಗಿರುವ ದಿನಗಳತ್ತ ಸರಿಯಿತು. ಈ ಬೆಂಕಿಯನ್ನು ಎಣಿಸುವ ಕೆಲವು ಉಪಗ್ರಹಗಳು ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಗೆ ಹಾದುಹೋಗುತ್ತವೆ. ಸಂಜೆ ಹೊತ್ತಿಸಿ ರಾತ್ರಿಗೆ ಆರಿದುದು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಯೂರಿಯಾ ಮತ್ತು ಸಗಣಿಯಿಂದೇಳುವ ಅಮೋನಿಯವಂತೂ ಕಣ್ಣಿಗೇ ಕಾಣದು. ಆದರೂ ಅದು ಗಾಳಿಯಲ್ಲಿನ ಆಮ್ಲಗಳೊಡನೆ ಕೂಡಿ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವರು ತಮ್ಮ ಮಾದರಿಯನ್ನು 2012ರಲ್ಲಿ ಪರಿಷ್ಕರಿಸಿದಾಗ, ಭೂಮಿಯು ಅಮೋನಿಯವನ್ನು ಬಿಡುವುದನ್ನೂ ಹೀರುವುದನ್ನೂ, ಗೊಬ್ಬರ ಹಾಕುವ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಏರ್ಪಡಿಸಿದರು. ನಮ್ಮ ದೇಶದಲ್ಲಿಯೂ ಹೊಲದ ಬಾಬನ್ನು ಅಷ್ಟೇ ಶ್ರದ್ಧೆಯಿಂದ ತಿದ್ದುವುದು ಯುಕ್ತ.

ಇದು ಪಂಡಿತರ ಕೆಲಸ, ಬೇಸಾಯಗಾರನಿಗೇನೆಂದು ಕೆಲವರು ಕೇಳಬಹುದು. ಲೆಕ್ಕವು ಹಳತಾಗಿದ್ದರೆ ನಗರದವರು ತಮ್ಮ ವಾಹನಗಳ ಪಾಲನ್ನು ಮರೆತು ದೋಷವೆಲ್ಲವನ್ನೂ ರೈತನ ಮೇಲೆ ಹೊರಿಸಬಹುದು. ರೈತನು ಬೆಂಕಿಯನ್ನು ಮರೆಮಾಚಿದರೆ ನಿಜವಾದ ಪಾಲೂ ಅಡಗಿಹೋಗುವುದು. ಈ ಎರಡೂ ಅನ್ಯಾಯಗಳೇ. ಬಿಸಿಲಿನಲ್ಲಿ ಹೊಗೆಯಿಂದ ಹುಟ್ಟುವ ಓಜೋನು ಗೋಧಿಯ ಇಳುವರಿಯನ್ನು ತಗ್ಗಿಸುವುದರಿಂದ, ನಗರದ ಹೊಗೆಯ ನಷ್ಟವನ್ನು ರೈತನೂ ಹೊರುತ್ತಿದ್ದಾನೆ. ತನ್ನ ಪಾಲಿನ ಲೆಕ್ಕವನ್ನು ನೇರವಾಗಿ ಒಪ್ಪಿಸಿದವನೇ ಇತರರ ಲೆಕ್ಕವನ್ನು ಕೇಳಲು ಅರ್ಹನು.

ಆದರೆ ನಿಜ ನುಡಿದವನಿಗೆ ದಂಡ ಬೀಳುವುದಾದರೆ ನಿಜವು ಹೊರಬರುವುದಿಲ್ಲ. ಆದುದರಿಂದ ಮಾದರಿಗಾಗಿ ಸಂಗ್ರಹಿಸಿದ ವಿವರಗಳನ್ನು ಶಿಕ್ಷೆಗೆ ಬಳಸದಿರುವುದೂ, ಹೊಗೆಯ ಪಟ್ಟಿಯನ್ನು ವರ್ಷಂಪ್ರತಿ ತಿದ್ದುವುದೂ ಸರ್ಕಾರದ ಕರ್ತವ್ಯ. ಕಬ್ಬಿನ ತರಗನ್ನು ಸುಡುವ ವಾಡಿಕೆ ಕರ್ನಾಟಕದಲ್ಲಿಯೂ ಉಂಟು. ಬೆಳೆ ಸಮೀಕ್ಷೆಯ ಕಾಲದಲ್ಲಿ ಬೆಳೆ ಯಾವುದು, ಗೊಬ್ಬರವೆಷ್ಟು, ತರಗು ಏನಾಯಿತು ಎಂಬುದನ್ನು ಯಥಾರ್ಥವಾಗಿ ಬರೆಯಿಸಲು ಗ್ರಾಮದ ಹಿರಿಯರು ಮುಂದಾಗಬೇಕು. ತರಗನ್ನು ಸುಡದೆ ಗೊಬ್ಬರವಾಗಿಸಿದ ರೈತನ ಹೆಸರೂ ಆ ಲೆಕ್ಕದಲ್ಲಿ ಸೇರಲಿ. ಅದರಿಂದ ಭೂಮಿಗೂ ಊರಿಗೂ ಶ್ರೇಯಸ್ಸುಂಟು.