ಅಟ್ಟದ ಮೇಲಿನ ಬಾಣಲೆ ಇಳಿಸಿ

ಈಚೆಗೆ ಬರುತ್ತಿರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಾಣಿಸುತ್ತಿದೆ. "ಮಕ್ಕಳು ಫ್ರೈಡ್ ರೈಸು, ನೂಡಲ್ಸು, ಗೋಬಿ ಅಂತ ಪ್ರಾಣ ತಿಂತಾರೆ. ಮನೇಲಿ ಮಾಡಿದರೆ ತರಕಾರಿ ಪಲ್ಯದ ಹಾಗೆ ಮೆತ್ತಗಾಗತ್ತೆ, ಅನ್ನ ಮುದ್ದೆ ಆಗತ್ತೆ. ಇದಕ್ಕೆ ವಾಕ್ ಅನ್ನೋ ಚೀನೀ ಬಾಣಲೆಯೇ ಬೇಕೇನು?"

ಕೊಳ್ಳುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿ. ನಿಮ್ಮ ಅತ್ತೆಯವರ ಕಾಲದ ಕಬ್ಬಿಣದ ಬಾಣಲೆ ಹಳೇ ಪೇಪರಿನಲ್ಲಿ ಸುತ್ತಿ ಅಲ್ಲೇ ಇರಬಹುದು. ವಾಕ್ ಎಂದರೆ ಅದರ ಚೀನೀ ದಾಯಾದಿ ಅಷ್ಟೆ. ಎರಡಕ್ಕೂ ಗುಂಡು ತಳ, ಮೇಲೆ ಅಗಲ ಬಾಯಿ. ವಾಕ್ ತೆಳು ಉಕ್ಕಿನದು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ನಮ್ಮ ಎರಕದ ಬಾಣಲೆ ದಪ್ಪ, ಕಾಯಲು ಹೊತ್ತು ಹಿಡಿಯುತ್ತದೆ. ಕಾದ ಮೇಲೆ ಮಾತ್ರ ಸುಲಭಕ್ಕೆ ತಣ್ಣಗಾಗುವುದಿಲ್ಲ. ಹೋಟೆಲಿನ ಒಲೆಯ ಉರಿ ನಮ್ಮ ಮನೆಯ ಗ್ಯಾಸಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಿರುವಾಗ ನಮ್ಮ ಸಣ್ಣ ಉರಿಗೆ ಈ ದಪ್ಪ ಬಾಣಲೆಯೇ ಒಳ್ಳೆಯ ಜೋಡಿ ಎನ್ನುವುದು ನನ್ನ ಅಭಿಪ್ರಾಯ. ನಾನ್‌ಸ್ಟಿಕ್ ಪಾತ್ರೆ ಈ ಕೆಲಸಕ್ಕೆ ಬೇಡವೇ ಬೇಡ. ಬರಿದಾಗಿ ಇಟ್ಟು ಹೊಗೆಯಾಡುವಷ್ಟು ಕಾಯಿಸಿದರೆ ಅದರ ಲೇಪ ಕೆಡುತ್ತದೆ.

ಬಾಣಲೆಗೆ ತುಕ್ಕು ಹಿಡಿದಿದೆಯೇ? ಗುಜರಿಯವನಿಗೆ ಕೊಡಬೇಡಿ. ತುಕ್ಕು ಮೇಲುಮೇಲಿನದು. ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತೆಂಗಿನ ನಾರಿನಿಂದ ಬಲವಾಗಿ ಉಜ್ಜಿ, ಸೋಪಿನ ಬಿಸಿನೀರಿನಲ್ಲಿ ತೊಳೆಯಿರಿ. ಕೆಂಪು ನೀರು ನಿಲ್ಲುವವರೆಗೂ ಬಿಡಬೇಡಿ. ಸಂತೆಯಿಂದ ಹೊಸದು ತಂದಿದ್ದರೂ ಇದೇ ಕ್ರಮ, ಏಕೆಂದರೆ ತುಕ್ಕು ಹಿಡಿಯದಿರಲೆಂದು ಅದಕ್ಕೆ ಎಂಥದೋ ಎಣ್ಣೆ ಸವರಿರುತ್ತಾರೆ. ನಮ್ಮ ಕಡೆ ಹೊಸ ದೋಸೆ ಕಾವಲಿಗೆ ಮಾಡುವಂತೆ ಎರಡು ಮೂರು ದಿನ ಅನ್ನದ ಗಂಜಿ ತುಂಬಿಟ್ಟು, ದಿನಾ ಬದಲಾಯಿಸಿ ತೊಳೆದರೆ ಇನ್ನೂ ಒಳ್ಳೆಯದು.

ಆಮೇಲೆ ಪಳಗಿಸುವ ಕೆಲಸ. ಇದರಲ್ಲಿ ಅವಸರ ಮಾಡಬೇಡಿ ತಾಯಿ. ಕಿಟಕಿ ತೆರೆದಿಡಿ. ಬಾಣಲೆಯನ್ನು ಒಲೆಯ ಮೇಲಿಟ್ಟು ತೇವವೆಲ್ಲ ಆರಲಿ. ಒಂದು ಚಮಚ ಕಡಲೆಕಾಯಿ ಎಣ್ಣೆಯನ್ನು ಹಳೇ ಹತ್ತಿ ಬಟ್ಟೆಯಿಂದ ಒಳಗೂ ಹೊರಗೂ ಸವರಿ, ಮತ್ತೆ ಒಣ ಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಇದೆಯೋ ಇಲ್ಲವೋ ಅನ್ನಿಸಬೇಕು, ಅಷ್ಟು ತೆಳ್ಳಗೆ. ಹೆಚ್ಚಾದರೆ ಅಂಟುಅಂಟಾಗಿ ಉಳಿಯುತ್ತದೆ. ಈಗ ಉರಿ ಹೆಚ್ಚಿಸಿ. ಹೊಗೆ ಎದ್ದು, ಅದು ನಿಲ್ಲುವವರೆಗೆ ಕಾಯಿಸಿ ಆರಲು ಬಿಡಿ. ಹೀಗೆ ನಾಲ್ಕು ಸಲ ಆಗಲಿ. ಕಾವಿಗೆ ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಂಡು ಕಪ್ಪು ಪದರ ಆಗುತ್ತದೆ. ಅಜ್ಜಿಯ ಕಾವಲಿಯಲ್ಲಿ ದೋಸೆ ಸಲೀಸಾಗಿ ಏಳುತ್ತಿದ್ದುದು ಈ ಪದರದಿಂದಲೇ. ಕೊನೆಗೆ ಒಂದು ಹಿಡಿ ಈರುಳ್ಳಿ ಸಿಪ್ಪೆಯನ್ನೋ ಬಾಡಿದ ಸೊಪ್ಪನ್ನೋ ಕಪ್ಪಾಗುವವರೆಗೆ ಹುರಿದು ಎಸೆಯಿರಿ. ಮೊದಲ ಒಂದೆರಡು ತಿಂಗಳು ಹುಣಸೆಹುಳಿ, ಟೊಮೇಟೊ ಮುಟ್ಟಿಸಬೇಡಿ, ಹುಳಿಗೆ ಪದರ ಕಿತ್ತು ಬರುತ್ತದೆ.

ಇಷ್ಟೆಲ್ಲ ಯಾಕೆ ಪಾಡು ಅಂತೀರೇನೋ. ರುಚಿಯ ಮಾತು ಹಾಗಿರಲಿ, ಇದರಲ್ಲಿ ನಮ್ಮ ಆರೋಗ್ಯದ ಮಾತೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅಂದರೆ ಈ ಪುಟ ಓದುತ್ತಿರುವವರಲ್ಲೇ ಎಷ್ಟೋ ಜನ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆ ಸುತ್ತು. "ವಯಸ್ಸಾಯಿತಲ್ಲ" ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಕಬ್ಬಿಣದ ಪಾತ್ರೆಯಲ್ಲಿ ಮಾಡಿದ ಅಡುಗೆಗೆ ಸ್ವಲ್ಪ ಕಬ್ಬಿಣ ಇಳಿಯುವುದು ನಿಜ. ನೀರಿನಂಶ, ಹುಳಿ ಇದ್ದು ಹೆಚ್ಚು ಹೊತ್ತು ಬೆಂದಷ್ಟೂ ಜಾಸ್ತಿ. ಪದರ ಉಳಿಯಬೇಕಲ್ಲ, ಅದಕ್ಕೆ ನಾನು ಹೇಳುವುದು, ಸೊಪ್ಪಿನ ಪಲ್ಯ ಬಾಣಲೆಯಲ್ಲಿ ಮಾಡಿ, ನಿಂಬೆಹಣ್ಣು ತಟ್ಟೆಗೆ ಹಿಂಡಿಕೊಳ್ಳಿ. ನಿಂಬೆಯಿಂದ ಕಬ್ಬಿಣ ಮೈಗೆ ಹತ್ತಲು ಸಹಾಯ. ಊಟದ ಹಿಂದೆಯೇ ಕಾಫಿ ಟೀ ಕುಡಿದರೆ ಅದಕ್ಕೆ ಅಡ್ಡಿ. ಆದರೆ ಬಾಣಲೆ ಔಷಧಿಯಲ್ಲ. ಸುಸ್ತಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಕೊಟ್ಟರೆ ನುಂಗಿ.

ಇನ್ನು ಫ್ರೈಡ್ ರೈಸು. ನಾಲ್ಕು ಜನಕ್ಕೆ ಎರಡು ಪಾವು ಸೋನಾ ಮಸೂರಿ. ನೀರು ತುಸು ಕಡಿಮೆ ಇಟ್ಟು ಉದುರುದುರಾಗಿ ಅನ್ನ ಮಾಡಿ, ತಟ್ಟೆಯಲ್ಲಿ ಹರಡಿ ಆವಿ ಹೋದೊಡನೆ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಆರಿದ ಕೂಡಲೇ ಬಳಸಿ. ರಾತ್ರಿಯೆಲ್ಲ ಹೊರಗಿದ್ದ ಅನ್ನ ಬೇಡ, ಅದರಲ್ಲಿ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕ್ಯಾರೆಟ್, ಬೀನ್ಸ್, ಎಲೆಕೋಸು, ದೊಣ್ಣೆಮೆಣಸಿನಕಾಯಿ, ಈರುಳ್ಳಿ ಸೊಪ್ಪು ಎಲ್ಲವನ್ನೂ ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ. ತೊಳೆದ ನೀರು ಪೂರ್ತಿ ಆರಿರಬೇಕು, ಇದನ್ನು ಮರೆಯಬೇಡಿ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಮೆಣಸಿನ ಪುಡಿ, ಸೋಯಾ ಸಾಸ್ ಎಲ್ಲ ಕೈಗೆಟುಕುವಂತೆ ಇರಲಿ. ಒಲೆ ಹಚ್ಚಿದ ಮೇಲೆ ಡಬ್ಬಿ ಹುಡುಕಲು ಸಮಯವಿಲ್ಲ.

ಬಾಣಲೆ ಚೆನ್ನಾಗಿ ಕಾಯಲಿ. ಒಂದು ಹನಿ ನೀರು ಚಿಮುಕಿಸಿದರೆ ಕುಣಿದು ಮಾಯವಾಗಬೇಕು. ಎರಡು ಚಮಚ ಎಣ್ಣೆಯನ್ನು ಅಂಚಿನ ಸುತ್ತ ಬಿಡಿ, ಬೆಳ್ಳುಳ್ಳಿ ಶುಂಠಿ ಹಸಿಮೆಣಸು ಹಾಕಿ ಎರಡು ಸಲ ಕೈಯಾಡಿಸಿ, ಕೂಡಲೇ ಕ್ಯಾರೆಟ್ ಬೀನ್ಸ್. ಎರಡು ನಿಮಿಷಕ್ಕೆ ಕೋಸು, ದೊಣ್ಣೆಮೆಣಸು. ಮುಚ್ಚಳ ಮುಚ್ಚಬೇಡಿ, ಉಪ್ಪು ಈಗಲೇ ಹಾಕಬೇಡಿ, ಎರಡರಿಂದಲೂ ನೀರು ನಿಲ್ಲುತ್ತದೆ. ಅನ್ನ ಹಾಕಿ ಸಟ್ಟುಗದಿಂದ ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಹುರಿಯಿರಿ. ಸೋಯಾ ಸಾಸನ್ನು ಅನ್ನದ ಮೇಲೆ ಸುರಿಯದೆ ಕಾದ ಅಂಚಿಗೆ ಬಿಡಿ, ಸುಯ್ಯೆಂದು ಘಮ ಏಳುತ್ತದೆ. ಕ್ಯಾಂಟನ್ ಕಡೆಯ ಚೀನೀಯರು ಈ ಘಮಕ್ಕೆ 'ವಾಕ್ ಹೇ', ಎಂದರೆ ಬಾಣಲೆಯ ಉಸಿರು, ಅನ್ನುತ್ತಾರಂತೆ. ಎಷ್ಟು ಚೆಂದದ ಮಾತು! ಸಾಸಿನಲ್ಲೇ ಉಪ್ಪಿರುವುದರಿಂದ ರುಚಿ ನೋಡಿ ಉಪ್ಪು, ಮೆಣಸಿನ ಪುಡಿ, ಈರುಳ್ಳಿ ಸೊಪ್ಪು ಹಾಕಿ ಇಳಿಸಿ.

ನಾಲ್ಕು ಜನದ ಅನ್ನವನ್ನು ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ, ತರಕಾರಿ ನೀರು ಬಿಟ್ಟು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಮನೇಲಿ ಮೆತ್ತಗಾಗುವುದಕ್ಕೆ ಇದೇ ಕಾರಣ. ಒಂದು ಸಲಕ್ಕೆ ಒಬ್ಬರದು, ಹೆಚ್ಚೆಂದರೆ ಇಬ್ಬರದು. ಎಲ್ಲರನ್ನೂ ಕೂರಿಸಿ ಬಿಸಿಬಿಸಿ ಬಡಿಸಿ. ಆದರೆ ನಿಮ್ಮ ಪಾಲಿನ ಅನ್ನ, ತರಕಾರಿ ಮೊದಲೇ ಬೇರೆ ತಟ್ಟೆಯಲ್ಲಿ ಎತ್ತಿಡಿ. ಇನ್ನೊಂದು ಸಲ ಬೇಕು ಅಂದರೂ ಕೊಡಬೇಡಿ! ಬಾಣಲೆ ಬಳಿದದ್ದನ್ನು ತಿಂದು ಏಳುವ ನಮ್ಮ ಅಭ್ಯಾಸಕ್ಕೂ ಆ ರಕ್ತಹೀನತೆಗೂ ಸಂಬಂಧ ಇಲ್ಲವೇನು? ಕೊನೆಯ ಸರದಿ ನಿಮ್ಮದು, ಅಷ್ಟು ಹೊತ್ತಿಗೆ ಬಾಣಲೆಯೂ ಚೆನ್ನಾಗಿ ಕಾದಿರುತ್ತದೆ.

ಗೋಬಿಗೂ ಇದೇ ಬಾಣಲೆ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಿರಬಹುದು. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿದರೆ ಆ ಕೆಂಪು ತಾನಾಗಿ ಬರುತ್ತದೆ.

ದೊಡ್ಡ ಉರಿಯ ಮುಂದೆ ನೈಲಾನ್ ಸೀರೆ ಬೇಡ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಹೋಟೆಲಿನವರಂತೆ ಬಾಣಲೆ ಎತ್ತಿ ಹಾರಿಸುವುದೂ ಬೇಡ, ನಮ್ಮದು ಭಾರ. ಎಣ್ಣೆಗೆ ಬೆಂಕಿ ಹೊತ್ತಿದರೆ ನೀರು ಸುರಿಯದೆ ಗ್ಯಾಸ್ ಆರಿಸಿ ತಟ್ಟೆ ಮುಚ್ಚಿ. ಗುಂಡು ತಳ ಅಲುಗಾಡಿದರೆ ಪಾತ್ರೆ ಅಂಗಡಿಯಲ್ಲಿ ಕಬ್ಬಿಣದ ಬಳೆ ಸಿಗುತ್ತದೆ, ಅದನ್ನಿಟ್ಟು ಕೂರಿಸಿ.

ಊಟವಾದ ಮೇಲೆ ಬಾಣಲೆಯನ್ನು ನೀರಿನಲ್ಲಿ ನೆನೆಹಾಕಬೇಡಿ. ಅಡುಗೆಯನ್ನೂ ಅದರಲ್ಲೇ ಬಿಟ್ಟು ಮಲಗಬೇಡಿ, ಬೆಳಗಾಗುವಷ್ಟರಲ್ಲಿ ಕಪ್ಪಾಗಿರುತ್ತದೆ. ಬಿಸಿನೀರಿನಲ್ಲಿ ನಾರು ಆಡಿಸಿ, ಒಲೆಯ ಮೇಲೆ ಒಣಗಿಸಿ, ಎರಡು ಹನಿ ಎಣ್ಣೆ ಸವರಿ ಗೋಡೆಯ ಮೊಳೆಗೆ ನೇತುಹಾಕಿ. ಮಲೆನಾಡಿನ ಸೋದರಿಯರು ಮಳೆಗಾಲದಲ್ಲಿ ದಿನ ಬಿಟ್ಟು ದಿನವಾದರೂ ಅದನ್ನು ಒಲೆಗೇರಿಸಬೇಕು, ಒಂದು ಒಗ್ಗರಣೆಗಾದರೂ ಸರಿ.