ಎಂಟು ದಿನದ ಶಿಬಿರ ಮುಗಿದ ಮೇಲೆ

ಪುತ್ತೂರು, ಸುಳ್ಯ, ಕಡಬದ ಕಡೆ ಚಟ ಬಿಡಿಸುವ ಮಾತು ಬಂದರೆ ಯಾರಾದರೂ ಹೇಳುವುದು ಮದ್ಯವರ್ಜನ ಶಿಬಿರದ ಹೆಸರನ್ನೇ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರವರನ್ನು ಸೇರಿಸಿಕೊಂಡು ನಡೆಸುವ ಎಂಟು ದಿನದ ಶಿಬಿರ ಅದು. 2007ರಲ್ಲಿ ಸರಕಾರ ಕೊಟ್ಟೆ ಸಾರಾಯಿ ನಿಲ್ಲಿಸಿತು, ಕುಡಿತ ನಿಲ್ಲಲಿಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ನಿಲ್ಲಿಸಿದ್ದು ಈ ಶಿಬಿರಗಳು. ನನ್ನ ಲೆಕ್ಕದಲ್ಲಿ ಶಿಬಿರಕ್ಕಿಂತ ದೊಡ್ಡದು ಆಮೇಲಿನ ನವಜೀವನ ಸಮಿತಿ. ಬಿಟ್ಟವರು ಬಿಟ್ಟವರ ಜೊತೆ ಕೂತು ಮಾತಾಡುವ ಜಾಗ ಅದು.

ಇದೇ ಕ್ರಮವನ್ನು ಹೆರಾಯಿನ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳ ಚಟಕ್ಕೂ ಹಚ್ಚಿದರೆ ಅಪಾಯ. ನಮ್ಮಲ್ಲಿ ಇವತ್ತಿಗೂ ದೊಡ್ಡ ಪಿಡುಗು ಮದ್ಯವೇ, ನಿಜ. ಆದರೆ 2019ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ನೂರಕ್ಕೆ ಇಬ್ಬರು ಅಫೀಮು ಜಾತಿಯ ವಸ್ತು ಬಳಸುತ್ತಾರೆ. ಅದನ್ನು ಬಿಟ್ಟ ಮರುದಿನವೇ ಮೂಗು ಸೋರುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ಕಾಲು ಸೆಳೆಯುತ್ತದೆ, ಭೇದಿ. ಶೀತಜ್ವರ ಇರಬೇಕೆಂದು ಅಮ್ಮ ಕಷಾಯ ಕಾಯಿಸುತ್ತಾಳೆ.

ಬರೀ ಬಿಡಿಸಿ ಕಳಿಸಿದರೆ ಏನಾಗುತ್ತದೆ ಎಂದು ತೋರಿಸುವ ಸ್ವೀಡನ್ನಿನ ಒಂದು ಅಧ್ಯಯನ 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆರಾಯಿನ್ ಚಟದ 40 ಮಂದಿ. ಇಪ್ಪತ್ತು ಜನರಿಗೆ ವರ್ಷವಿಡೀ ಬುಪ್ರೆನಾರ್ಫಿನ್ ಮಾತ್ರೆ, ಅಂದರೆ ಚಿಕಿತ್ಸೆಗೆಂದು ಕೊಡುವ, ಅದೇ ಅಫೀಮು ಜಾತಿಯ ಔಷಧ. ಉಳಿದವರಿಗೆ ಆರೇ ದಿನ ಅದನ್ನು ಇಳಿಸುತ್ತ ಬಂದು, ಆಮೇಲೆ ಬರೀ ಹುಸಿ ಮಾತ್ರೆ. ಆಪ್ತಸಮಾಲೋಚನೆ ಎರಡೂ ಗುಂಪಿಗೆ ಒಂದೇ. ವರ್ಷದ ಕೊನೆಗೆ ಮಾತ್ರೆ ಮುಂದುವರಿಸಿದವರಲ್ಲಿ ನೂರಕ್ಕೆ 75 ಮಂದಿ ಚಿಕಿತ್ಸೆಯಲ್ಲಿದ್ದರು. ಇನ್ನೊಂದು ಗುಂಪಿನಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ಸತ್ತಿದ್ದರು. ಕೆಲವು ದಿನ ಬಿಟ್ಟರೆ ದೇಹದ ತಡೆದುಕೊಳ್ಳುವ ಶಕ್ತಿ ಇಳಿಯುತ್ತದೆ, ಹಳೆಯ ಪ್ರಮಾಣಕ್ಕೆ ಮರಳಿದವನ ಉಸಿರೇ ನಿಂತೀತು. ಬರೀ ಪ್ರತಿಜ್ಞೆ ಮಾಡಿಸಿ ಮನೆಗೆ ಕಳಿಸುವುದು ಇಲ್ಲಿ ಪುಣ್ಯದ ಕೆಲಸ ಆಗಲಾರದು.

ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದ ಹಾಗಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ನಾಲಿಗೆಯಡಿ ಇಟ್ಟು, ಮಾತಾಡದೆ ಕರಗಿಸಿಕೊಳ್ಳುವ ಆ ಮಾತ್ರೆ ಸರಿಯಾದ ಪ್ರಮಾಣದಲ್ಲಿ ಅಮಲೇರಿಸುವುದಿಲ್ಲ. ತಗೊಂಡವನು ಬೆಳಿಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋಗಬಲ್ಲ. ತೊಂದರೆ ಇರುವುದು ಸಿಗುವುದರಲ್ಲಿ. ಮೆಡಿಕಲ್ ಶಾಪಿನಲ್ಲಿ ಅದು ಸಿಗದು, ವ್ಯಸನಮುಕ್ತಿ ಕೇಂದ್ರಗಳಿಗಷ್ಟೇ ಪೂರೈಕೆ. ಅದಕ್ಕಾಗಿ ಸುಬ್ರಹ್ಮಣ್ಯದಿಂದ ನೂರು ಕಿಲೋಮೀಟರ್ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿಬಂದರೆ ಆ ದಿನದ ಕೂಲಿ ಹೋಯಿತು.

ಸರಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಜಿಲ್ಲೆಗಳ ವೈದ್ಯರಿಗೆ ಆನ್‌ಲೈನಿನಲ್ಲೇ ವ್ಯಸನ ಚಿಕಿತ್ಸೆಯ ತರಬೇತಿ ಕೊಡುತ್ತದೆ. ಮೂರೂ ತಾಲೂಕುಗಳಲ್ಲಿ ಆ ದಿನವೇ ಈ ಮಾತ್ರೆಯೂ ಸಿಗುವಂತೆ ಜಿಲ್ಲಾಡಳಿತ ಮಾಡಬೇಕು. ರೋಗಿಯ ಬೆನ್ನಿಗೆ ನಿಲ್ಲುವ ಕೆಲಸ ನವಜೀವನ ಸಮಿತಿಗಳಿಗೆ ಹೊಸತೇನಲ್ಲ. ಮನೆಯಲ್ಲಿ ಅನುಮಾನ ಬಂದವರು ಬೈಯುವ ಮೊದಲು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ.